ಮಲ್ಲಿಪಟ್ಟಣದ ಆಟ ಜಪಾನಿಗೆ ಹೋದ ಮೂರು ವರ್ಷ

೧೯೬೩ರ ಸಂಕ್ರಾಂತಿಯಿಂದ ಮೂರು ವರ್ಷ, ಮಲ್ಲಿಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ತೊಗಲುಗೊಂಬೆ ಆಡಿಸುವ ಹಕ್ಕು ಜಪಾನಿನ ಒಂದು ಕಂಪನಿಗೆ ಮಾತ್ರ ಇತ್ತು. ಕಂಪನಿಗೆ ಈ ವಿಷಯ ಗೊತ್ತಿರಲಿಲ್ಲ. ಅರಕಲಗೂಡಿನ ತಾಲ್ಲೂಕು ಕಚೇರಿಗೂ ಗೊತ್ತಿರಲಿಲ್ಲ. ಗೊತ್ತಿದ್ದುದು ಗೊಂಬೆ ಆಡಿಸುವ ಹುಚ್ಚಯ್ಯನಿಗೆ. ಹಕ್ಕನ್ನು ಕೊಟ್ಟವನು ಅವನೇ.

ಹುಚ್ಚಯ್ಯನ ಮನೆ ಅರಕಲಗೂಡಿನ ಹೊರಗೆ, ಕೊಣನೂರು ರಸ್ತೆಯ ಪಕ್ಕದಲ್ಲಿತ್ತು. ಮಳೆಗಾಲದಲ್ಲಿ ಬಲೆ ಹಿಡಿದು ಗೊರೂರಿನ ಕಡೆ ಹೊಳೆಗೆ ಹೋಗುತ್ತಿದ್ದ. ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ಗೊಂಬೆಯ ಪೆಟ್ಟಿಗೆಯನ್ನು ಗಾಡಿಗೆ ಹೇರಿಕೊಂಡು ಹಳ್ಳಿಗಳ ಮೇಲೆ ಹೊರಡುತ್ತಿದ್ದ. ಹೆಂಡತಿ ಮಾಯಮ್ಮ ಹಿಂದೆ ಕೂತು ಹಾಡಲು, ಅವಳ ತಮ್ಮ ಮದ್ದಲೆಗೆ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಅವನು ರಾಮ, ರಾವಣ, ಸೀತೆ, ಕೋಡಂಗಿ ಎಲ್ಲವೂ ಆಗಿರುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಪರದೆಯ ಹಿಂದೆ ಆಡುವ ಮಾತೇ ಅವನಿಗೆ ವರ್ಷಕ್ಕೆ ಸಾಕಾಗುತ್ತಿತ್ತು ಎಂದು ಮಾಯಮ್ಮ ಹೇಳುತ್ತಿದ್ದಳು.

ಗೊಂಬೆಯವರಲ್ಲಿ ಹೊಲ ಗದ್ದೆ ಹಂಚಿಕೊಳ್ಳುವುದಿಲ್ಲ, ಇರುವುದೂ ಇಲ್ಲ. ಹಂಚಿಕೊಳ್ಳುವುದು ಊರುಗಳನ್ನು. ಹುಚ್ಚಯ್ಯನ ತಂದೆ ತೀರಿಕೊಂಡಾಗ ಅಣ್ಣ ದ್ಯಾವಯ್ಯನಿಗೆ ಹೊಳೆನರಸೀಪುರದ ಕಡೆಯ ಹಳ್ಳಿಗಳು ಬಂದವು, ಹುಚ್ಚಯ್ಯನಿಗೆ ಮಲ್ಲಿಪಟ್ಟಣದ ಸುತ್ತಿನವು. ಒಬ್ಬನ ಊರಿನಲ್ಲಿ ಇನ್ನೊಬ್ಬ ಪರದೆ ಕಟ್ಟುವಂತಿಲ್ಲ. ಕಾಯಿಲೆಯಾಗಿ, ಸೂತಕವಾಗಿ ಆಡಿಸಲಾಗದವನು ತನ್ನ ಊರುಗಳನ್ನು ಇನ್ನೊಬ್ಬನಿಗೆ ವಹಿಸಬಹುದು. ಅದಕ್ಕೆ ಎಲೆ ಅಡಿಕೆ ಕೊಡಬೇಕು. ತೆಗೆದುಕೊಂಡವನು ಆ ಊರಲ್ಲಿ ಆಟ ಆಡಿಸಿ, ಕಾಯಿ ಒಡೆದು, ಎಲೆ ಅಡಿಕೆಯನ್ನು ಹಿಂದಕ್ಕೆ ಕೊಡುವ ತನಕ ಕೊಟ್ಟವನು ಅಲ್ಲಿ ಒಂದು ಗೊಂಬೆಯನ್ನೂ ಎತ್ತಬಾರದು. ಎತ್ತಿದರೆ ತಪ್ಪು, ಕುಲದವರ ಮುಂದೆ ಕಾಣಿಕೆ ಇಟ್ಟು ಒಪ್ಪಿಕೊಳ್ಳಬೇಕು. ಇನ್ನೊಂದು ಕಟ್ಟು ಇದಕ್ಕಿಂತ ಬಿಗಿ. ಯಾವ ಊರಿನಲ್ಲಿ ಸತತ ಮೂರು ಸುಗ್ಗಿ ಆಟ ನಿಂತುಹೋಗುತ್ತದೋ ಆ ಊರು ಯಾರದೂ ಅಲ್ಲ. ಮೊದಲು ಪರದೆ ಕಟ್ಟಿದವನದು.

ಪಾಲಿನಲ್ಲಿ ಹುಚ್ಚಯ್ಯನಿಗೆ ಬಂದ ಗೊಂಬೆಗಳಲ್ಲಿ ಮಾಯಾಜಿಂಕೆಯೂ ಒಂದು. ತಾತ ಕೊರೆದದ್ದು. ದೀಪದ ಮುಂದೆ ಹಿಡಿದರೆ ಮೈಮೇಲಿನ ಚುಕ್ಕೆಗಳಿಂದ ಬೆಳಕು ಸೋಸಿಕೊಂಡು ಬರುತ್ತಿತ್ತು. ತಂದೆಯ ಕಾಲದಲ್ಲಿ ಗಾಡಿ ಮಗುಚಿ ಜಿಂಕೆಯ ಕತ್ತು ಕಿತ್ತುಬಂದಿತ್ತು. ತಂದೆ ಅದನ್ನು ಆಡಿನ ನರದಿಂದ ಹೊಲಿದಿದ್ದ. ಅಂದಿನಿಂದ ಜಿಂಕೆ ಹಿಂದಿರುಗಿ ನೋಡುವಾಗ ಕತ್ತು ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ. ಅರ್ಧಕ್ಕೆ ಬಂದು ಹೊಲಿಗೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಬೆರಳಿನಿಂದ ಸಣ್ಣಗೆ ಜಗ್ಗಿದರೆ ಪೂರ್ತಿ ತಿರುಗುತ್ತಿತ್ತು. ಹುಚ್ಚಯ್ಯನಿಗೆ ಅದೊಂದು ಕುಂದು. ಸರಿಮಾಡಲು ಕೈಹಾಕಿದರೆ ತೊಗಲು ಹರಿದೀತೆಂದು ಸುಮ್ಮನಿದ್ದ.

ಈ ಕುಂದನ್ನು ನೋಡಿ ಮನಸೋತವನು ಒಕುಮುರ.

ಒಕುಮುರ ಜಪಾನಿನ ಅಸಗಿರಿ ಚಿತ್ರಶಾಲೆ ಎಂಬ ಕಂಪನಿಯ ಚಿತ್ರಗಾರ. ಚಿತ್ರ ಬರೆದು ಬರೆದು ಅವನ್ನೇ ಓಡಿಸುವ ಸಿನಿಮಾ ಆ ಕಂಪನಿಯ ಕಸುಬು. ಜಿಂಕೆಯ ಕಥೆಯೊಂದನ್ನು ತೆಗೆಯುವ ಯೋಚನೆಯಿಂದ ಹಳೆಯ ಶಿಲ್ಪಗಳನ್ನು ನೋಡಿ ಬರಲು ಅವನನ್ನು ಕಳಿಸಿದ್ದರು. ಹಾಸನದ ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಂಡಿದ್ದ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಪಂಚಾಕ್ಷರಯ್ಯ ಅವನನ್ನು ದೊಡ್ಡಗದ್ದವಳ್ಳಿಗೆ ಕರೆದುಕೊಂಡು ಹೋಗಿ ಲಕ್ಷ್ಮೀ ದೇವಿಯ ಗುಡಿ ತೋರಿಸಿದರು. ಗುಡಿ ಚೆನ್ನಾಗಿತ್ತು. ಆದರೆ ಕಲ್ಲು ಅಲುಗುವುದಿಲ್ಲವಲ್ಲ ಎಂದು ಅವನು ಕೊರಗಿದಾಗ, ಮೇಷ್ಟ್ರು ಅಲುಗುವುದನ್ನೇ ತೋರಿಸುತ್ತೇನೆಂದು ಮಲ್ಲಿಪಟ್ಟಣಕ್ಕೆ ಹೊರಡಿಸಿದರು.

ಅಂದು ಹುಚ್ಚಯ್ಯನ ಆಟ ಊರಿನ ದೊಡ್ಡ ಜಮೀನುದಾರ ದೇವರಾಜು ಅವರ ಕಣದಲ್ಲಿ. ಜಿಂಕೆ ಪರದೆಯ ಮೇಲೆ ಬಂತು, ಮೇಯಿತು, ಓಡಿತು, ಹಿಂದಿರುಗಿ ನೋಡಲು ಹೊರಟು ಅರ್ಧಕ್ಕೆ ನಿಂತಿತು, ಆಮೇಲೆ ತಿರುಗಿತು. ಒಕುಮುರ ಎದ್ದು ನೆಟ್ಟಗೆ ಪರದೆಯ ಹಿಂದಕ್ಕೇ ನುಗ್ಗಿದ. ಹಾಡುತ್ತಿದ್ದ ಮಾಯಮ್ಮ ಸೆರಗು ಸರಿಮಾಡಿಕೊಂಡು ಹಾಡು ನಿಲ್ಲಿಸದೆ ಗಂಡನನ್ನು ಕಣ್ಣಲ್ಲೇ ಕೇಳಿದಳು. ಹುಚ್ಚಯ್ಯನ ಎರಡೂ ಕೈಯಲ್ಲಿ ಗೊಂಬೆಗಳಿದ್ದವು. ಏನೂ ಮಾಡುವಂತಿರಲಿಲ್ಲ. ಆಟ ಮುಗಿಯುವವರೆಗೆ ಆ ಮನುಷ್ಯ ಬೂಟು ಬಿಚ್ಚಿಟ್ಟು ಮಂಡಿಯೂರಿ ಕೂತು ಹುಚ್ಚಯ್ಯನ ಬೆರಳುಗಳನ್ನೇ ನೋಡುತ್ತ ಚಿತ್ರ ಬರೆದುಕೊಂಡ.

ಮಾರನೆಯ ಬೆಳಿಗ್ಗೆ ದೇವರಾಜು ಅವರ ಜಗಲಿಯಲ್ಲಿ ಮಾತಾಯಿತು. ಒಕುಮುರ ತೊಡರುವ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪಂಚಾಕ್ಷರಯ್ಯ ಕನ್ನಡಕ್ಕೆ ತಿರುಗಿಸುತ್ತಿದ್ದರು.

"ಈ ಜಿಂಕೆ ಹೀಗೆ ತಡೆದು ತಿರುಗೋದನ್ನ ಹೇಗೆ ಕಂಡುಹಿಡಿದೆ ಅಂತ ಕೇಳ್ತಿದ್ದಾರೆ, ಹುಚ್ಚಯ್ಯ."

"ಕಂಡುಹಿಡಿಯೋದೇನ್ ಬಂತು ಸಾ. ಕುಂಟು ಅದು. ನಮ್ಮಪ್ಪ ವಲ್ದಿದ್ದು ಸಿಗಾಕ್ಕೊತದೆ."

ಮೇಷ್ಟ್ರು ಅದನ್ನು ಹೇಗೆ ಹೇಳಿದರೋ, ಒಕುಮುರ ಎದ್ದು ನಿಂತು ಬಗ್ಗಿ ನಮಸ್ಕಾರ ಮಾಡಿದ. ಹುಚ್ಚಯ್ಯನೂ ಎದ್ದು ಬಗ್ಗಿದ. ಇಬ್ಬರೂ ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ತಿಳಿಯದೆ ಬಗ್ಗುತ್ತಲೇ ಇದ್ದುದನ್ನು ನೋಡಿ ದೇವರಾಜು, "ಸಾಕು ಕುಂತ್ಕಳ್ರಪ್ಪಾ, ನಡ ಇಡ್ಕಂಡಾತು" ಎಂದರು.

ಆಮೇಲೆ ಕಂಪನಿಯ ಕಥೆ ಬಂತು. ಯುದ್ಧ ಮುಗಿದ ಕಾಲಕ್ಕೆ ಅಣ್ಣತಮ್ಮಂದಿರಿಬ್ಬರು ಮುಚ್ಚಿಹೋದ ಒಂದು ಸ್ನಾನದ ಮನೆಯನ್ನು ಬಾಡಿಗೆಗೆ ಹಿಡಿದು ಶುರುಮಾಡಿದ ಕೆಲಸ. ಬಿಸಿನೀರಿನ ತೊಟ್ಟಿಯ ಮೇಲೆ ಹಲಗೆ ಹಾಕಿ ಅದನ್ನೇ ಮೇಜು ಮಾಡಿಕೊಂಡಿದ್ದರು. ಮೊದಲು ಸೋಪಿನ, ಹಲ್ಲುಪುಡಿಯ ಜಾಹೀರಾತಿಗೆ ಓಡುವ ಚಿತ್ರ ಬರೆದರು. ಬರಬರುತ್ತ ಸಣ್ಣ ಕಥೆಗಳು, ಆಮೇಲೆ ಪೂರ್ತಿ ಸಿನಿಮಾ. ಅಣ್ಣ ಬರೆಸುತ್ತಿದ್ದ. ತಮ್ಮ ಪೆಟ್ಟಿಗೆ ಹಿಡಿದು ಊರೂರು, ದೇಶದೇಶ ಸುತ್ತಿ, ಯಾರು ಎಲ್ಲಿ ತೋರಿಸಬಹುದೆಂದು ಒಪ್ಪಂದ ಮಾಡಿಕೊಂಡು ಬರುತ್ತಿದ್ದ.

ಹುಚ್ಚಯ್ಯ ಇದಕ್ಕೆಲ್ಲ ತಲೆದೂಗಿದ. ಅಣ್ಣತಮ್ಮ, ಪೆಟ್ಟಿಗೆ, ಊರುಗಳ ಒಪ್ಪಂದ. ತಿಳಿಯದ್ದು ಏನೂ ಇರಲಿಲ್ಲ.

ಒಮ್ಮೆ ಕಂಪನಿ ತಪ್ಪು ಮಾಡಿತ್ತು ಎಂದ ಒಕುಮುರ. ಬೀದಿಯಲ್ಲಿ ಚಿತ್ರದ ಹಲಗೆ ತೋರಿಸಿ ಮಕ್ಕಳಿಗೆ ಕಥೆ ಹೇಳುವ ಮುದುಕನೊಬ್ಬನ ಮುಖವಾಡದ ವೀರನನ್ನು ಕೇಳದೆ ಬಳಸಿಕೊಂಡಿತ್ತು. ಮುದುಕನ ಮನೆಯವರು ಬಂದು ಸ್ನಾನದ ಮನೆಯ ಬಾಗಿಲಲ್ಲಿ ಕೂತುಬಿಟ್ಟರು. ಅಂದಿನಿಂದ ಒಂದು ಕಾಗೆ ಗುಬ್ಬಚ್ಚಿಯನ್ನಾದರೂ ಇನ್ನೊಬ್ಬರಿಂದ ತೆಗೆದುಕೊಂಡರೆ ಅನುಮತಿ ಕೇಳುವುದು ಕಂಪನಿಯ ಕಟ್ಟು.

"ನಿನ್ನ ಜಿಂಕೆ ತಿರುಗೋ ರೀತೀನ ಅವರ ಆಟದಲ್ಲಿ ಬಳಸೋಕೆ ಅನುಮತಿ ಬೇಕಂತೆ," ಎಂದರು ಪಂಚಾಕ್ಷರಯ್ಯ.

"ಯಾವ್ಯಾವ್ ಊರ್ಗೆ ಸಾ?"

ಮೇಷ್ಟ್ರು ಕೇಳಿ ಹೇಳಿದರು: "ಎಲ್ಲಾ ಊರಿಗೂ. ಎಲ್ಲಾ ದೇಶಕ್ಕೂ."

ಹುಚ್ಚಯ್ಯ ತಲೆಯಾಡಿಸಿದ. "ಎಲ್ಲಾನೂ ಕೊಡಾಕೆ ನಾನ್ಯಾರು? ಒಳೆನರಸೀಪುರದ ಕಡೆ ನಮ್ಮಣ್ಣಂದು. ಚನ್ರಾಯಪಟ್ಣದ ಕಡೆ ಕೆಂಪಣ್ಣಂದು. ನಂದು ಮಲ್ಲಿಪಟ್ಣ ಒಂದೇಯ. ಅದ ಕೊಡ್ತೀನಿ ಅನ್ನಿ."

ಪಂಚಾಕ್ಷರಯ್ಯನವರಿಗೆ ಇದು ಹಳ್ಳಿಯವನ ವಿನಯದಂತೆ ಕಂಡಿತು. 'ಒಪ್ಪಿದ್ದಾನೆ' ಎಂದಷ್ಟೇ ತಿಳಿಸಿದರು. ಒಕುಮುರ ಕಾಗದ ತೆಗೆದ. ಹುಚ್ಚಯ್ಯ ಹೆಬ್ಬೆಟ್ಟು ಒತ್ತಿದ. ಅದು ಅವರ ಸಮಾಧಾನಕ್ಕೆ. ತನ್ನ ಸಮಾಧಾನಕ್ಕೆ ಮಾಯಮ್ಮನಿಂದ ಎಲೆ ಅಡಿಕೆ ತರಿಸಿ, ಮೂಡಣ ದಿಕ್ಕಿಗೆ ನಿಂತು, ಒಕುಮುರನ ಬೊಗಸೆಗೆ ಹಾಕಿದ. ಒಕುಮುರ ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡ. ಅಷ್ಟು ಭಕ್ತಿಯಿಂದ ಯಾರೂ ಊರು ತೆಗೆದುಕೊಂಡದ್ದನ್ನು ಹುಚ್ಚಯ್ಯ ನೋಡಿರಲಿಲ್ಲ. ಕೊಡಬೇಕಾದ ಹಣವನ್ನೂ ಅವನು ಬೊಗಸೆಯಲ್ಲೇ ಇಟ್ಟು ಕೊಟ್ಟ. ಜಿಂಕೆಯನ್ನು ಮಾತ್ರ ಅಲ್ಲೇ ಬಿಟ್ಟು ಹೋದ.

"ಜಿಂಕೆ ಬುಟ್ಟು ಓದ್ನಲ್ಲ," ಎಂದಳು ಮಾಯಮ್ಮ, ಬಸ್ಸಿನ ಧೂಳು ಅಡಗಿದ ಮೇಲೆ. "ಮತ್ತೇನ್ ಇಸ್ಕೊಂಡ?"

"ಊರ."

"ನಾವೆಲ್ ಆಡ್ಸಾದು?"

ಹುಚ್ಚಯ್ಯನಿಗೆ ಆ ಪ್ರಶ್ನೆ ಆಗ ಹೊಳೆಯಿತು.

ಮುಂದಿನ ಸುಗ್ಗಿಗೆ ದೇವರಾಜು ಆಳು ಕಳಿಸಿದರು. ಹುಚ್ಚಯ್ಯ ಬರಲಿಲ್ಲ. ಕೊನೆಗೆ ಅರಕಲಗೂಡಿನ ಸಂತೆಯಲ್ಲಿ ಮೀನು ಮಾರುತ್ತ ಕೂತವನ ಎದುರಿಗೆ ಅವರೇ ಬಂದು ನಿಂತರು.

"ಏನ್ಲಾ ಹುಚ್ಚಯ್ಯ, ಕಣ ಬರಿದಾಗಿ ತಿಂಗ್ಳಾತು. ದೀಪಕ್ಕೆಣ್ಣೆ ತಂದಿಟ್ಟಿವ್ನಿ. ಯಾವಾಗ್ ಬತ್ತೀಯೆ?"

"ಬರಾಂಗಿಲ್ಲ ಬುದ್ದೀ. ಊರ ಜಪಾನ್ನೋರ್ಗೆ ಎಲೆ ಅಡ್ಕೆ ಕೊಟ್ಟಿವ್ನಿ. ನಿಮ್ ಜಗ್ಲೀ ಮ್ಯಾಲೇ ಕೊಟ್ಟಿದ್ದು."

"ಕೊಟ್ಟಿದ್ದು ನಾ ನೋಡಿವ್ನಿ. ಅದು ಅವ್ರ ಸಿನಿಮಾಕ್ಕಲ್ವೇನ್ಲಾ?"

"ಆಟಕ್ಕೆ ಅಂದ್ರು ಬುದ್ದೀ."

"ಅಂಗಾದ್ರೆ ನಮ್ಮೂರಲ್ಲಿ ಈಗ ಆಟ ಆಡ್ಸೋರು ಜಪಾನ್ನೋರಾ?"

"ಬರ್ಬೇಕು. ಇಸ್ಕೊಂಡವ್ರೆ."

"ಬಂದ್ರೆ ಯಾವ ಬಾಸೇಲಾಡಿಸ್ತಾರ್ಲಾ?"

ಹುಚ್ಚಯ್ಯ ಮೀನಿನ ಬುಟ್ಟಿಯ ಮೇಲೆ ನೀರು ಚಿಮುಕಿಸಿದ. ಅದನ್ನೂ ಅವನು ಯೋಚಿಸಿರಲಿಲ್ಲ.

ಆ ವರ್ಷ ಯಾರೂ ಬರಲಿಲ್ಲ. ಅದರ ಮುಂದಿನ ಸುಗ್ಗಿಯೂ ಹಾಗೇ ಹೋಯಿತು. ಹುಚ್ಚಯ್ಯ ಬಲೆ ಹಿಡಿದು, ಕೂಲಿಗೆ ಹೋಗಿ ಕಾಲ ಹಾಕಿದ. ಅಣ್ಣನ ಊರಿಗೆ ಹೋಗಿ ಪರದೆಯ ಹಿಂದೆ ಅವನ ಕೈಗೆ ಗೊಂಬೆ ತೆಗೆದುಕೊಡುವ ಕೆಲಸವನ್ನೂ ಮಾಡಿದ. ದ್ಯಾವಯ್ಯ ಅವನನ್ನು ಬೇರೆಯವರ ಮುಂದೆ 'ನಮ್ ಜಪಾನು' ಎಂದೇ ಕರೆಯುತ್ತಿದ್ದ. ಮಾಯಮ್ಮ ಮಾತ್ರ ಒಂದು ದಿನ ಬಿಡಿಸಿ ಹೇಳಿದಳು.

"ನೀನೇ ಓಗಿ ಪರದೆ ಕಟ್ಟು. ಅವ್ನೇನ್ ಸಮುದ್ರ ದಾಟಿ ಬಂದು ಕೇಳ್ತಾನಾ?"

"ಅವ್ನು ಕೇಳಾಕಿಲ್ಲ ಅಂತ ನಾನು ಆಡ್ಸಿದ್ರೆ, ನಾಳೆ ಕೆಂಪಣ್ಣ ನನ್ನ ಕೇಳಾಕಿಲ್ಲ."

ಚನ್ನರಾಯಪಟ್ಟಣದ ಕೆಂಪಣ್ಣನಿಗೆ ಗಂಟಲೂ ದೊಡ್ಡದು, ತಂಡವೂ ದೊಡ್ಡದು, ಊರು ಹಂಚಿಕೊಡಬೇಕಾದ ತಮ್ಮಂದಿರೂ ಬಹಳ. ೧೯೬೬ರ ಸಂಕ್ರಾಂತಿಗೆ ಮೊದಲೇ ಅವನು ಮಲ್ಲಿಪಟ್ಟಣಕ್ಕೆ ಬಂದು ದೇವರಾಜು ಅವರ ಕಣವನ್ನು ನೋಡಿಕೊಂಡು ಹೋಗಿದ್ದ. ಅದು ಮೂರನೆಯ ಸುಗ್ಗಿ. ಯುಗಾದಿಯೊಳಗೆ ಅಲ್ಲಿ ಆಟವಾಗದಿದ್ದರೆ, ತಾತನ ಕಾಲದಿಂದ ಬಂದ ಊರುಗಳು ಹುಚ್ಚಯ್ಯನ ಕೈತಪ್ಪಿ ಹೋಗುತ್ತಿದ್ದವು. ಅವನ ಮಕ್ಕಳಿಗೆ ಪೆಟ್ಟಿಗೆ ಉಳಿಯುತ್ತಿತ್ತು, ಆಡಿಸಲು ಒಂದು ಅಂಗಳವೂ ಇರುತ್ತಿರಲಿಲ್ಲ.

ಹುಚ್ಚಯ್ಯ ಹಾಸನದ ಬಸ್ಸು ಹತ್ತಿದ. ಪಂಚಾಕ್ಷರಯ್ಯ ಸಂಜೆ ಶಾಲೆ ಬಿಟ್ಟು ಬಂದಾಗ ಅವರ ಮನೆಯ ಮೆಟ್ಟಿಲ ಮೇಲೆ ಕೂತಿದ್ದ.

"ಆ ಜಪಾನ್ನೋರ್ಗೆ ಒಂದ್ ದಪ ಬಂದು ಆಡ್ಸಿ, ಕಾಯೊಡ್ದು, ಇಂದಕ್ಕೆ ಕೊಡಾಕೇಳಿ ಸಾ. ಇಲ್ಲಾಂದ್ರೆ ನಾ ಕೆಟ್ಟೆ."

ಮೇಷ್ಟ್ರಿಗೆ ಮೊದಲು ನಗು ಬಂತು. ಆಮೇಲೆ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಕೇಳಿದ ಮೇಲೆ ನಗು ಬರಲಿಲ್ಲ.

"ನೋಡು ಹುಚ್ಚಯ್ಯ, ಅವರು ತಗೊಂಡಿದ್ದು ನಿನ್ನ ಊರನ್ನಲ್ಲ. ಜಿಂಕೆ ತಿರುಗೋ ರೀತಿಯನ್ನ."

"ಜಿಂಕೆ ನನ್ತಾವ್ಲೇ ಅದೆ ಸಾ."

"ಜಿಂಕೆಯನ್ನಲ್ಲಪ್ಪಾ. ಅದು ತಿರುಗೋದನ್ನ."

"ತಿರುಗ್ಸಾದು ನಾನಲ್ವಾ?"

"ನೀನೇ. ಆದ್ರೆ ಅದನ್ನ ಅವರು ಉಪಯೋಗಿಸಬಹುದು. ನೀನೂ ಉಪಯೋಗಿಸಬಹುದು. ಕೊಟ್ಟರೂ ನಿನ್ನ ಹತ್ರಾನೇ ಇರುತ್ತೆ."

"ಕೊಟ್ಮೇಲೆ ನನ್ತಾವ್ಲೇ ಇದ್ರೆ, ಕೊಟ್ಟಿದ್ದೇನ್ ಸಾ?"

ಪಂಚಾಕ್ಷರಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಸ್ವಲ್ಪ ಹೊತ್ತಿನ ಹಿಂದೆ ಅವರಿಗೆ ಸ್ಪಷ್ಟವಾಗಿ ಗೊತ್ತಿದ್ದ ವಿಷಯ ಈಗ ಅಷ್ಟು ಸ್ಪಷ್ಟವಾಗಿರಲಿಲ್ಲ. ಒಕುಮುರನಿಗೆ ಬರೆಯುವುದಾಗಿ ಒಪ್ಪಿದರು. ಎಲೆ ಅಡಿಕೆ, ಮೂರು ಸುಗ್ಗಿ, ಕೆಂಪಣ್ಣ, ಎಲ್ಲವನ್ನೂ ಬಿಡದೆ ಬರೆದರು.

ಉತ್ತರ ಬಂತು. ಅಸಗಿರಿಯ ಅಣ್ಣತಮ್ಮಂದಿರು ಬೇರೆಯಾಗಿದ್ದರು. ಈಗ ಅಲ್ಲಿ ಮನೆಮನೆಗೂ ಪೆಟ್ಟಿಗೆಯಲ್ಲಿ ಚಿತ್ರ ಓಡುವ ಕಾಲ. ವಾರಕ್ಕೊಂದು ಕಥೆ ಬರೆದು ಕೊಡಬೇಕೆಂದು ತಮ್ಮ, ಹಾಗೆ ಅವಸರದಲ್ಲಿ ಬರೆದರೆ ಜಿಂಕೆಗೆ ಕತ್ತೇ ಇರುವುದಿಲ್ಲವೆಂದು ಅಣ್ಣ. ಬರೆಯುವ ಮೇಜು, ಬಣ್ಣ, ಜನ ಅಣ್ಣನ ಪಾಲಿಗೆ ಹೋದವು. ಈವರೆಗೆ ಪಡೆದ ಅನುಮತಿಗಳೂ ಕೊಟ್ಟ ಅನುಮತಿಗಳೂ ತಮ್ಮನ ಪಾಲಿಗೆ. ಒಕುಮುರ ಅಣ್ಣನ ಕಡೆ ಇದ್ದ. ಅನುಮತಿಯನ್ನು ಹಿಂದಕ್ಕೆ ಕೊಡುವ ಅಧಿಕಾರ ತನಗಿಲ್ಲವೆಂದೂ, ತನ್ನಿಂದ ಆಗುವುದನ್ನು ಕಳಿಸುತ್ತಿದ್ದೇನೆಂದೂ ತಿಳಿಸಿ, ಜೊತೆಗೆ ಒಂದು ಸಣ್ಣ ಡಬ್ಬಿಯಲ್ಲಿ ಸಿನಿಮಾದ ರೀಲು ಕಳಿಸಿದ್ದ. ಜಿಂಕೆಯ ಭಾಗವಷ್ಟೇ.

ಪಾಲಾದ ಸುದ್ದಿಯನ್ನು ಹುಚ್ಚಯ್ಯ ತಕ್ಷಣ ಅರ್ಥಮಾಡಿಕೊಂಡ. "ಎಲೆ ಅಡ್ಕೆ ತಮ್ಮನ್ ಪಾಲ್ಗೆ ಬಂದದೆ, ಆಡ್ಸೋ ಕೈ ಅಣ್ಣನ್ ಪಾಲ್ಗೆ. ಅಂಗಾದ್ರೆ ಇಬ್ರಲ್ ಯಾರ್ ಬರ್ಬೇಕು?" ಎಂದು ಕೇಳಿದ. ಡಬ್ಬಿಯಲ್ಲಿರುವುದೇ ಬಂದಂತೆ ಎಂದರು ಮೇಷ್ಟ್ರು, ಅಷ್ಟೇನೂ ಧೈರ್ಯವಿಲ್ಲದೆ.

ಹಳ್ಳಿಗಳಲ್ಲಿ ಗೊಬ್ಬರ, ಕೋಳಿ ಸಾಕಣೆಯ ಸಿನಿಮಾ ತೋರಿಸುವ ಸರ್ಕಾರದ ಪ್ರಚಾರದ ಜೀಪೊಂದನ್ನು ಪಂಚಾಕ್ಷರಯ್ಯ ಹೇಗೋ ಒಪ್ಪಿಸಿ ಕರೆತಂದರು. ಯುಗಾದಿಗೆ ಇನ್ನು ಕೆಲವೇ ದಿನ. ಜೀಪಿನವರ ಬಿಳಿ ಬಟ್ಟೆಯನ್ನು ಇಲಿ ಕಡಿದಿತ್ತು. ಹುಚ್ಚಯ್ಯ ತನ್ನ ಪರದೆಯನ್ನೇ ಕಟ್ಟಿಕೊಟ್ಟ. ದೀಪ ಹಚ್ಚುವ ಹೊತ್ತಿಗೆ ಕಣ ತುಂಬಿತು. ಚನ್ನರಾಯಪಟ್ಟಣದಿಂದ ಕೆಂಪಣ್ಣ, ಹೊಳೆನರಸೀಪುರದ ಕಡೆಯಿಂದ ದ್ಯಾವಯ್ಯ ಮತ್ತು ಕುಲದ ಯಜಮಾನರು, ಎಲ್ಲರೂ ಬಂದಿದ್ದರು. ಕೆಂಪಣ್ಣ ಬೇಕೆಂದೇ ಹುಚ್ಚಯ್ಯನ ಪಕ್ಕದಲ್ಲಿ ಕೂತು ಅವನ ಕಡಲೆಕಾಯಿಯನ್ನು ತಿನ್ನತೊಡಗಿದ.

ಮೊದಲು ಕೋಳಿಯ ರೋಗಗಳು ಬಂದವು. ಆಮೇಲೆ ಜಿಂಕೆ.

ಮರಗಳು ತೆಳ್ಳಗೆ ಬಣ್ಣ ಹಚ್ಚಿದ ಮರಗಳು. ಅವುಗಳ ನಡುವೆ ಜಿಂಕೆ ಬಂತು. ಚುಕ್ಕೆಗಳಿಂದ ಬೆಳಕು ಸೋಸುತ್ತಿತ್ತು. ಮೇಯಿತು, ಓಡಿತು. ಹಿಂದಿರುಗಿ ನೋಡಲು ಹೊರಟು ಅರ್ಧಕ್ಕೆ ನಿಂತಿತು. ಹುಚ್ಚಯ್ಯನ ಬಲಗೈ ತೋರುಬೆರಳು ತಾನಾಗಿ ಸಣ್ಣಗೆ ಜಗ್ಗಿತು. ಜಿಂಕೆ ಪೂರ್ತಿ ತಿರುಗಿತು.

ಕೆಂಪಣ್ಣ ಎದ್ದು ಪರದೆಯ ಹಿಂದಕ್ಕೆ ಹೋಗಿ ಬಂದ. ಹುಚ್ಚಯ್ಯನೂ ಹೋಗಿ ನೋಡಿದ. ಹಿಂದೆ ಜಿಂಕೆ ಎಡಕ್ಕೆ ಬದಲು ಬಲಕ್ಕೆ ಓಡುತ್ತಿತ್ತು. ದೀಪವಿರಲಿಲ್ಲ, ಕೈಯಿರಲಿಲ್ಲ. ಅವನು ತಿರುಗಿ ಬಂದು ಕೂತಾಗ ರೀಲು ಮುಗಿದು ಪರದೆ ಬರಿದಾಗಿತ್ತು.

ಬೆಳಿಗ್ಗೆ ಕೆರೆಯ ಬಳಿ ಹೊಂಗೆ ಮರದ ಕೆಳಗೆ ನ್ಯಾಯ ಸೇರಿತು. ಪಂಚಾಕ್ಷರಯ್ಯ ಕಂಪನಿಯ ಪರವಾಗಿ ಕಾಯಿ ಒಡೆಯಲು ಸಿದ್ಧರಾಗಿ ಬಂದಿದ್ದರು. ಕೆಂಪಣ್ಣ ಕಾಯಿಯ ಮೇಲೆ ಕೈಯಿಟ್ಟ.

"ತಡೀರಿ ಸಾ. ಯಜಮಾನ್ರೇ, ಆಟ ಅಂದ್ರೇನು? ಪರದೆ ಇಂದೆ ಕೈ ಇರ್ಬೇಕು. ನಾನೇ ಓಗಿ ನೋಡ್ದೆ. ಇದ್ದಿದ್ದು ದೇವ್ರಾಜಪ್ನೋರ ನಾಯಿ ಒಂದೇಯ."

ಯಜಮಾನರು ಮೇಷ್ಟ್ರ ಕಡೆ ತಿರುಗಿದರು. "ಆ ಜಿಂಕೆ ಬರ್ದೋರು ಬಂದಿದ್ರಾ ಸ್ವಾಮಿ?"

"ಇಲ್ಲ. ಅವರು ಜಪಾನಿನಲ್ಲಿದ್ದಾರೆ. ಒಂದೊಂದು ಹೆಜ್ಜೆಗೂ ಒಂದೊಂದು ಚಿತ್ರ ಬರೆದಿಟ್ಟಿದ್ದಾರೆ. ಯಂತ್ರ ಅದನ್ನ ಓಡಿಸುತ್ತೆ."

"ಯಂತ್ರ ಯಾರ್ದು?"

"ಸರ್ಕಾರದ್ದು."

"ಅಂಗಾದ್ರೆ ಊರು ಸರ್ಕಾರಕ್ಕೋಗ್ತದಾ?"

ದ್ಯಾವಯ್ಯ ಜೋರಾಗಿ ನಕ್ಕ. ಬೇರೆ ಯಾರೂ ನಗಲಿಲ್ಲ.

"ಕೈ ಇರ್ಲಿಲ್ಲ, ಆಟ ಆಗ್ಲಿಲ್ಲ," ಎಂದ ಕೆಂಪಣ್ಣ. "ಮೂರ್ ಸುಗ್ಗಿ ಬರ್ದಾತು."

ಹುಚ್ಚಯ್ಯ ನೆಲ ನೋಡುತ್ತಿದ್ದ. ಕೆಂಪಣ್ಣ ಹೇಳಿದ್ದು ಸರಿಯೆಂದೇ ಅವನಿಗೂ ಅನ್ನಿಸಿತ್ತು. ರಾತ್ರಿಯೆಲ್ಲ ಅದೇ ಯೋಚನೆ. ಕೈಯಿಲ್ಲದೆ ಗೊಂಬೆ ಕುಣಿಯುವುದಿಲ್ಲ. ಆದರೆ ಕುಣಿದದ್ದನ್ನು ಊರೆಲ್ಲ ನೋಡಿದೆ. ಹಾಗಾದರೆ ಕೈ ಎಲ್ಲೋ ಇರಲೇಬೇಕು. ಎಲ್ಲಿ? ಅರ್ಧಕ್ಕೆ ನಿಂತ ಕತ್ತು ಮತ್ತೆ ಕಣ್ಣ ಮುಂದೆ ಬಂತು. ಅವನು ಮಾಯಮ್ಮನನ್ನು ನೋಡಿದ. ಅವಳು ಎದ್ದು ಹೋಗಿ ಗಾಡಿಯಲ್ಲಿದ್ದ ಪೆಟ್ಟಿಗೆಯಿಂದ ಜಿಂಕೆಯನ್ನು ತಂದಳು.

"ಆಡ್ಸಿದ್ದು ನಾನು, ಯಜಮಾನ್ರೇ," ಎಂದ ಹುಚ್ಚಯ್ಯ.

"ಥೂ, ನನ್ ಪಕ್ಕದಲ್ಲೇ ಕುಂತು ಕಡ್ಲೆಕಾಯ್ ತಿಂತಿದ್ಯಲ್ಲೋ!" ಎಂದ ಕೆಂಪಣ್ಣ.

"ತಿಂತಿದ್ದೋನು ನೀನು," ಎಂದಳು ಮಾಯಮ್ಮ. "ಅವ್ನಿಗೆ ಸಿಪ್ಪೆ ಉಳೀತು."

ಹುಚ್ಚಯ್ಯ ಜಿಂಕೆಯನ್ನು ಬಿಸಿಲಿಗೆ ಹಿಡಿದ. ಕೆರೆಯ ಏರಿಯ ಮೇಲೆ ಅದರ ನೆರಳು ಬಣ್ಣಬಣ್ಣವಾಗಿ ಬಿತ್ತು. ಕತ್ತನ್ನು ತಿರುಗಿಸಿದ. ಅರ್ಧಕ್ಕೆ ಬಂದು ನಿಂತಿತು. ಜಗ್ಗಿದ. ತಿರುಗಿತು.

"ಈ ಕುಂಟು ನಮ್ಮಪ್ಪನ ವಲಿಗೇದು. ಜಗ್ಗೋದು ನನ್ ಬೆಳ್ಳು. ಕೆಂಪಣ್ಣ, ನಿನ್ ಪೆಟ್ಗೇಲೂ ಜಿಂಕೆ ಅದೆ. ಇಂಗೆ ತಿರುಗ್ತದಾ? ಅಣ್ಣ, ನಿಂದು?" ದ್ಯಾವಯ್ಯ ಇಲ್ಲವೆಂದು ತಲೆಯಾಡಿಸಿದ. "ರಾತ್ರಿ ಪರದೆ ಮ್ಯಾಲೆ ತಿರುಗಿದ್ದು ಇಂಗೇಯ. ಎಲ್ಲಾರೂ ನೋಡಿವ್ರೆ. ಆ ಯಪ್ಪ ನನ್ ಪಕ್ಕ ಕುಂತು ನನ್ ಕೈಯ ಬರ್ಕೊಂಡೋದ. ಅದ್ನೇ ಕಳ್ಸವ್ನೆ. ಎಲೆ ಅಡ್ಕೆ ಕೊಟ್ಮೇಲೆ ಕೊಟ್ಟೋನು ಆ ಊರಲ್ಲಿ ಆಡ್ಸಬಾರ್ದು. ನಾನು ಆಡ್ಸಿವ್ನಿ. ತಪ್ಪಾತು. ಕಾಣ್ಕೆ ಇಕ್ತೀನಿ."

ಅವನು ಕಾಯಿ, ಎಲೆ, ಅಡಿಕೆಯನ್ನು ಯಜಮಾನರ ಕಾಲ ಬಳಿ ಇಟ್ಟು ಹಿಂದೆ ಸರಿದು ನಿಂತ.

ಯಜಮಾನರು ಎಲೆಯನ್ನು ಕೈಗೆತ್ತಿಕೊಂಡು, ತೊಟ್ಟು ಮುರಿದು, ಸುಣ್ಣ ಹಚ್ಚಿದರು. "ತಪ್ಪು ತಪ್ಪೇಯ," ಎಂದರು. "ಇಸ್ಕೊಂಡಿವ್ನಿ."

"ಅಂಗಾದ್ರೆ ಊರು?" ಎಂದ ಕೆಂಪಣ್ಣ.

"ತಪ್ಪಿಗೆ ಕಾಣ್ಕೆ ಅಷ್ಟೇ ಕಣಪ್ಪಾ. ಊರ್ ಓಗಾದು ಆಟ ನಿಂತ್ರೆ. ಅವ್ನು ಆಡ್ಸಿವ್ನಿ ಅಂತ ತಪ್ಪು ಕಟ್ಟವ್ನೆ. ಆಟ ನಿಲ್ಲಲಿಲ್ವಲ್ಲ."

ಕೆಂಪಣ್ಣ ತಾನು ಹೇಳಿದ ಮಾತುಗಳನ್ನು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಂತೆ ಕಂಡ. ಅದರಲ್ಲಿ ತಪ್ಪೆಲ್ಲಿದೆಯೆಂದು ಅವನಿಗೆ ಸಿಗಲಿಲ್ಲ. ಪಂಚಾಕ್ಷರಯ್ಯನವರಿಗೂ ಸಿಗಲಿಲ್ಲ. ಅವರು ತಾವು ತಂದಿದ್ದ ತೆಂಗಿನಕಾಯಿಯನ್ನು ಏನು ಮಾಡಬೇಕೆಂದು ಕೇಳಿದರು. ಒಡೆಯಬೇಡಿ, ಎಂದರು ಯಜಮಾನರು. ಕಂಪನಿಯವರು ಬಂದು ಊರನ್ನು ಹಿಂದಕ್ಕೆ ಕೊಟ್ಟಿಲ್ಲ. ಕೊಡುವ ತನಕ ಊರು ಅವರದೇ. ಅಲ್ಲಿಯವರೆಗೆ ಹುಚ್ಚಯ್ಯ ಅವರ ಕಡೆಯ ಆಳಾಗಿ ಆಡಿಸಿಕೊಂಡು ಹೋಗಲಿ. ಆಟದ ಮೊದಲು ಅವರ ಹೆಸರು ಹೇಳಲಿ.

ಹುಚ್ಚಯ್ಯ ಅಂದೇ ಸಂಜೆ ಪರದೆ ಕಟ್ಟಿದ. ಗಣಪತಿಯನ್ನು ನೆನೆದು, ತಾತನನ್ನು, ತಂದೆಯನ್ನು ನೆನೆದು, "ಈ ಊರ ಒಡೇರಾದ ಅಸಗಿರಿಯೋರ್ಗೆ ಸರಣು" ಎಂದ. ಅಸಗಿರಿ ಯಾವುದೋ ಬೆಟ್ಟದ ದೇವರಿರಬೇಕೆಂದು ಮುಂದೆ ಕೂತಿದ್ದ ಮುದುಕಿಯರು ಕೈಮುಗಿದರು. ದೇವರಾಜು ಅವರಿಗೆ ನಿಜ ಗೊತ್ತಿತ್ತು. ಆದರೂ ಎಲ್ಲರೂ ಮುಗಿಯುವಾಗ ತಾವೊಬ್ಬರೇ ಸುಮ್ಮನಿರುವುದು ಚೆನ್ನಲ್ಲವೆಂದು ಅವರೂ ಮುಗಿದರು.

ಕಂಪನಿಯಿಂದ ಯಾರೂ ಬರಲಿಲ್ಲ. ೧೯೬೯ರಲ್ಲಿ ಗೊರೂರಿನ ಬಳಿ ಅಣೆಕಟ್ಟಿನ ಕೆಲಸಕ್ಕೆಂದು ಇಂಜಿನಿಯರುಗಳ ಮನೆಗಳು ಏಳುತ್ತಿದ್ದಾಗ, ಹುಚ್ಚಯ್ಯ ಅಲ್ಲಿಗೆ ಮೀನು ಕೊಡಲು ಹೋಗುತ್ತಿದ್ದ. ಒಂದು ದಿನ ಪಂಚಾಕ್ಷರಯ್ಯ ಅವನನ್ನು ಹುಡುಕಿಕೊಂಡು ಬಂದು ಒಂದು ತಗಡಿನ ಡಬ್ಬಿ ಕೊಟ್ಟರು. ಜಪಾನಿನ ಬಿಸ್ಕತ್ತಿನ ಡಬ್ಬಿ, ಮೇಷ್ಟ್ರು ಕಂಪನಿಗೆ ಬರೆದ ಕಾಗದಕ್ಕೆ ಉತ್ತರದ ಜೊತೆ ಬಂದದ್ದು. ಮುಚ್ಚಳದ ಮೇಲೆ ಜಿಂಕೆ.

ಅಣ್ಣನ ಚಿತ್ರಶಾಲೆ ಮುಚ್ಚಿಹೋಯಿತಂತೆ. ಒಕುಮುರ ಈಗ ಎಲ್ಲಿದ್ದಾನೋ ತಿಳಿಯದು. ತಮ್ಮನ ವ್ಯವಹಾರ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಜಿಂಕೆಯನ್ನು ಬಿಸ್ಕತ್ತಿಗೆ, ಮಕ್ಕಳ ಚಪ್ಪಲಿಗೆ, ಛತ್ರಿಗೆ ಅಂಟಿಸಿಕೊಳ್ಳಲು ಬೇರೆ ಬೇರೆಯವರಿಗೆ ಅನುಮತಿ ಕೊಡುತ್ತಾನಂತೆ.

"ಆಡ್ಸೋರು ಓದ್ರು, ಊರ್ ಇಸ್ಕೊಂಡೋರು ಉಳ್ದವ್ರೆ ಅನ್ನಿ," ಎಂದ ಹುಚ್ಚಯ್ಯ. "ಇದೆಂಗ್ ಸಾ?"

"ನನಗೂ ತಿಳಿಯಲಿಲ್ಲಪ್ಪಾ," ಎಂದರು ಮೇಷ್ಟ್ರು.

ಮುಚ್ಚಳದ ಜಿಂಕೆಯ ಕತ್ತು ಅರ್ಧ ತಿರುಗಿತ್ತು. ಹುಚ್ಚಯ್ಯ ಡಬ್ಬಿಯನ್ನು ಓರೆ ಮಾಡಿ, ಬಿಸಿಲಿಗೆ ಹಿಡಿದು ನೋಡಿದ. ಮನೆಗೆ ತಂದು ಗೋಡೆಯ ಗೂಡಿನಲ್ಲಿಡುವುದೋ, ಗೊಂಬೆಯ ಪೆಟ್ಟಿಗೆಯಲ್ಲಿಡುವುದೋ ಎಂದು ಎರಡು ದಿನ ಯೋಚಿಸಿದ. ಅಷ್ಟರಲ್ಲಿ ಮಾಯಮ್ಮ ಅದಕ್ಕೆ ಒಣಮೆಣಸಿನಕಾಯಿ ತುಂಬಿ ಒಲೆಯ ಪಕ್ಕದಲ್ಲಿ ಇಟ್ಟಿದ್ದಳು.

ಆ ಸುಗ್ಗಿಯಲ್ಲಿ ಮಲ್ಲಿಪಟ್ಟಣದ ಕಣದಲ್ಲಿ ಪರದೆ ಎದ್ದಿತು. ಗಣಪತಿ ಆಯಿತು, ತಾತ ಆಯಿತು, ತಂದೆ ಆಯಿತು. ಈ ಊರ ಒಡೇರಾದ ಎನ್ನುವಲ್ಲಿಗೆ ಬಂದು ಹುಚ್ಚಯ್ಯ ನಿಂತ. ಮದ್ದಲೆಯವನು ತಲೆಯೆತ್ತಿ ನೋಡಿದ. ಮಾಯಮ್ಮ ತಾಳವನ್ನು ಇನ್ನೊಂದು ಸಲ ತಟ್ಟಿದಳು. ಆಮೇಲೆ ಅವನು ಅಸಗಿರಿಯವರ ಹೆಸರನ್ನೇ ಹೇಳಿದ.